ತೊಂದರೆ ಏನಿಲ್ಲ, ಮೇಡಂ

ಮಾರ್ಚ್ 4, ಮಂಗಳವಾರ

ಇವತ್ತು ಸೇನಾ ನೆಲೆಯ ಮಡಿಸುವ ಶೆಡ್ಡಿನಲ್ಲಿ ಮತ್ತೊಂದು ಪ್ಯಾರಾಚೂಟ್ ಬಿಚ್ಚಿಸಿದೆ. ನನ್ನ ಕೈಕೆಳಗಿನ ಡೆಂಟನ್ ಅದನ್ನು ಚೆನ್ನಾಗಿಯೇ ಮಡಿಸಿದ್ದ. ಹಗ್ಗಗಳನ್ನು ಸಾಲಾಗಿ ಕೂರಿಸಿ, ನಿಯಮದಂತೆ "ಚೆಕ್" ಎಂದು ಕೂಗಿ, ಮೇಜಿನಿಂದ ಹಿಂದೆ ಸರಿದು ನಿಂತ. ಪರೀಕ್ಷೆ ಮಾಡುವವಳು ನಾನು, ಹೋಗಿ ನೋಡಿದೆ, ತಲೆಯಾಡಿಸಿದೆ, ಅವನು ಮುಂದಿನ ಮಡಿಕೆಗೆ ಹೋದ. ಚೀಲ ಮುಚ್ಚುವ ಹೊತ್ತಿಗೆ ನನಗೆ ಅನುಮಾನ ಹತ್ತಿತು. ನಾನು ನಿಜವಾಗಿ ನೋಡಿದೆನೋ, ಸುಮ್ಮನೆ ನಿಂತು ಬಂದೆನೋ? ಮೇಜಿನ ಮುಂದೆ ನಿಂತಾಗಲೇ ಕುತ್ತಿಗೆಯಿಂದ ನೆತ್ತಿಯವರೆಗೆ ಬಿಸಿ ಏರಿತ್ತು. ಅದು ಇಳಿಯುವಷ್ಟರಲ್ಲಿ ತಲೆಯೊಳಗೆ ಏನೂ ಉಳಿದಿರಲಿಲ್ಲ.

ಶೆಡ್ಡಿನಲ್ಲಿ ನಾನೇ ಕಲಿಸುವ ನಿಯಮ ಒಂದಿದೆ. ಅನುಮಾನ ಬಂದರೆ ಬಿಚ್ಚಬೇಕು, ಮೊದಲಿನಿಂದ ಮಡಿಸಬೇಕು. ಅದನ್ನು ಬೆನ್ನಿಗೆ ಕಟ್ಟಿಕೊಂಡು ವಿಮಾನದ ಬಾಗಿಲಲ್ಲಿ ನಿಲ್ಲುವವನಿಗೆ ನಮ್ಮ ಅನುಮಾನ ಗೊತ್ತಿರುವುದಿಲ್ಲ.

"ಚೀಫ್, ಈ ವಾರ ಎಷ್ಟನೇದು ಇದು?" ಅಂದ ಡೆಂಟನ್. "ನನ್ ಕೈ ಮೇಲೆ ಏನಾದ್ರೂ ಕೋಪಾನಾ?"

"ಕೈ ಮೇಲಲ್ಲ, ಮುಖದ ಮೇಲೆ. ಬಿಚ್ಚು."

ಎಲ್ಲರೂ ನಕ್ಕರು, ಅವನೂ ನಕ್ಕ. ಕಾರಣ ಮಾತ್ರ ನಾನು ಹೇಳಲಿಲ್ಲ. ನಾರ್ತ್ ಕ್ಯಾರೊಲೈನಾದ ಮಾರ್ಚ್ ತಿಂಗಳಲ್ಲಿ ಇಷ್ಟು ಬೆವರಲು ಕಾರಣವೇ ಇಲ್ಲ. ಶೆಡ್ಡಿನ ಹೀಟರ್ ಹೆಚ್ಚಾಗಿರಬೇಕು.

ಮಾರ್ಚ್ 6, ಗುರುವಾರ

ಹೀಟರ್ ಹಾಕಿಯೇ ಇರಲಿಲ್ಲವಂತೆ.

ಮಾರ್ಚ್ 11, ಮಂಗಳವಾರ

ಬೆಳಿಗ್ಗೆ ದವಾಖಾನೆಗೆ ಹೋಗಿದ್ದೆ. ನಿದ್ದೆ ಕೆಟ್ಟಿದೆ ಎಂಬುದೊಂದನ್ನೇ ಹೇಳುವುದೆಂದು ದಾರಿಯಲ್ಲೇ ತೀರ್ಮಾನಿಸಿಕೊಂಡಿದ್ದೆ. ಡಾಕ್ಟರು ಒಬ್ಬ ಕ್ಯಾಪ್ಟನ್, ನನಗಿಂತ ಎಷ್ಟೋ ಚಿಕ್ಕವನು, ತುಂಬ ಮರ್ಯಾದಸ್ಥ.

"ಅಫ್ಘಾನಿಸ್ತಾನದ ಕನಸು ಬೀಳುತ್ತಾ, ಚೀಫ್?"

"ಇಲ್ಲ ಸರ್. ಸೆಕೆಗೆ ಎಚ್ಚರ ಆಗುತ್ತೆ, ಅಷ್ಟೇ."

"ಅಲ್ಲೂ ಸೆಕೆ ಜಾಸ್ತಿ ಅಲ್ವಾ?" ಅಂದು ಬರೆದುಕೊಂಡ. ನನ್ನ ಹಾಸಿಗೆ ಒದ್ದೆಯಾಗುವುದಕ್ಕೂ ನಾನು ಯುದ್ಧಕ್ಕೆ ಹೋಗಿದ್ದ ಕಂದಹಾರ್‌ಗೂ ಹೀಗೆ ನೆಂಟಸ್ತಿಕೆ ಬೆಳೆಯಿತು. ಮಾತ್ರೆ ಕೊಟ್ಟ. ಬಾಗಿಲ ತನಕ ಬಂದು, "ಬೇರೆ ಏನಾದ್ರೂ ತೊಂದರೆ?" ಅಂದ.

"ಏನಿಲ್ಲ ಸರ್."

ಮಾತ್ರೆ ನುಂಗಿದರೆ ಬೆಳಿಗ್ಗೆ ಮಂಪರು. ಮಂಪರಿನಲ್ಲಿ ಮೇಜಿನ ಮುಂದೆ ನಿಲ್ಲಲಾರೆ. ಮಾತ್ರೆ ಡಬ್ಬಿ ಕಪಾಟಿನಲ್ಲಿದೆ.

ಮಾರ್ಚ್ 16, ಭಾನುವಾರ

ಪೆಂಬ್ರೋಕ್‌ಗೆ, ಅಮ್ಮನ ಮನೆಗೆ ಹೋಗಿದ್ದೆವು. ಚರ್ಚಿನಿಂದ ಬಂದು ಅಮ್ಮ ಮೆಕ್ಕೆಜೋಳದ ರೊಟ್ಟಿ ಕರಿದು, ನಡುವೆ ಕಾಲರ್ಡ್ ಸೊಪ್ಪಿನ ಪಲ್ಯ, ಹಂದಿ ಕೊಬ್ಬಿನ ಗರಿಗರಿ ತುಂಡು ಇಟ್ಟು ಕೊಟ್ಟಳು. ನಾನು ತಿನ್ನುತ್ತಲೇ ಬೆವರತೊಡಗಿದೆ. ಅಮ್ಮ ಚರ್ಚಿನ ಬೀಸಣಿಗೆ ನನ್ನ ಕೈಗಿಟ್ಟಳು.

"ನಿನಗೆ ಮುಟ್ಟು ನಿಲ್ಲೋ ಕಾಲ ಶುರುವಾಗಿದೆ."

"ಇಲ್ಲಮ್ಮ, ಖಾರ ಜಾಸ್ತಿ ಆಯ್ತು."

"ನಾನು ಖಾರ ಹಾಕೇ ಇಲ್ಲ."

ಹಾರ್ಲನ್ ತಟ್ಟೆಯಲ್ಲಿ ಮುಖ ಹುದುಗಿಸಿದ. ನನ್ನ ಗಂಡನಿಗೆ ಎಲ್ಲಿ ಕಿವುಡನಾಗಬೇಕು ಎಂಬುದು ಚೆನ್ನಾಗಿ ಗೊತ್ತು. ಅಮ್ಮ ಬಿಡಲಿಲ್ಲ. ಅವಳಿಗೆ ಆ ವಯಸ್ಸಿನಲ್ಲಿ ಎರಡು ವರ್ಷ ಯಾರ ಮುಖ ಕಂಡರೂ ರೇಗುತ್ತಿತ್ತಂತೆ. ನನಗೆ ಅದು ನೆನಪಿಲ್ಲ. ಆಗ ನಾನು ಸೇನೆಗೆ ಸೇರಿ ಹೋಗಿದ್ದೆ. ಫೋನಿನಲ್ಲಿ ಕೇಳಿದಾಗಲೆಲ್ಲ ಚೆನ್ನಾಗಿದೀನಿ ಎನ್ನುತ್ತಿದ್ದಳು.

ಏಪ್ರಿಲ್ 2, ಬುಧವಾರ

ಜೊನೆಟ್ಟಾ ಬಂದಿದ್ದಳು. ನನಗೆ ಪ್ಯಾರಾಚೂಟ್ ಮಡಿಸಲು ಕಲಿಸಿದವಳು, ಸಾರ್ಜೆಂಟ್ ಮೇಜರ್ ಆಗಿ ನಿವೃತ್ತಿಯಾದವಳು. ಈಗಲೂ ಮನೆಯೊಳಗೆ ಬಂದ ಕೂಡಲೇ ಸೋಫಾದ ದಿಂಬು ನೆಟ್ಟಗಿದೆಯೇ ಎಂದು ನೋಡುತ್ತಾಳೆ. ನಿವೃತ್ತ ಹೆಂಗಸರ ಸಂಘ ಕಟ್ಟಿಕೊಂಡು ವಾಷಿಂಗ್ಟನ್ ಸುತ್ತುತ್ತಿದ್ದಾಳೆ. ಅವರದೊಂದು ಮಸೂದೆ ಇದೆ. ಸೇನೆಯಲ್ಲಿ ದುಡಿಯುವ, ದುಡಿದು ಬಂದ ಹೆಂಗಸರಿಗೆ ಮುಟ್ಟು ನಿಲ್ಲುವ ಕಾಲದಲ್ಲಿ ಏನೇನಾಗುತ್ತದೆ ಎಂದು ಸಂಶೋಧನೆ ನಡೆಸಬೇಕು, ಡಾಕ್ಟರುಗಳಿಗೆ ಕಲಿಸಬೇಕು ಎಂದು.

"ಮಸೂದೆ ನೋಡ್ತಿರೋ ಸಂಸತ್ ಸಮಿತಿಯವರು ಏನಂತಾರೆ ಗೊತ್ತಾ? ಹಳೇ ಫೈಲೆಲ್ಲ ತೆಗೆಸಿದ್ರಂತೆ. ತೊಂದರೆ ಇದೆ ಅಂದವಳು ಒಬ್ಬಳೂ ಸಿಗಲಿಲ್ವಂತೆ. ಇಲ್ಲದ ಕಾಯಿಲೆಗೆ ಸಂಶೋಧನೆ ಯಾಕೆ ಅಂತಾರೆ."

"ಅವರು ಹೇಳೋದು ಸರಿ ಅಲ್ವಾ?"

"ಲೇ, ನಾನ್ಯಾಕೆ ಒಂದು ವರ್ಷ ಮುಂಚೆ ಬಿಟ್ಟು ಬಂದೆ?"

"ಮನೆ ಕಡೆ ತಾಪತ್ರಯ ಅಂದಿದ್ದೆ."

"ಮನೇಲಿ ಯಾರಿದ್ರು ನನಗೆ, ಬೆಕ್ಕು ಬಿಟ್ರೆ? ದಿನಾ ರಕ್ತ ಹೋಗೋದು. ಕೂತಲ್ಲಿ ಅಳು ಬರೋದು. ನನಗೆ ಹುಚ್ಚು ಹಿಡೀತಿದೆ ಅನ್ಕೊಂಡೆ ಕಣೇ. ಯಾರಾದ್ರೂ ಒಬ್ಬರು ಇದಕ್ಕೊಂದು ಹೆಸರಿದೆ ಅಂದಿದ್ರೆ ನಾನು ಅಲ್ಲೇ ಇರ್ತಿದ್ದೆ."

ಅಷ್ಟು ವರ್ಷ ಜೊತೆಗಿದ್ದೂ ನನಗಿದು ಗೊತ್ತಿರಲಿಲ್ಲ. ಆಮೇಲೆ ಅವಳು ವಿಷಯಕ್ಕೆ ಬಂದಳು. ನಿವೃತ್ತರು ಎಷ್ಟು ಮಾತಾಡಿದರೂ ಹಳೇ ಕತೆ ಎನ್ನುತ್ತಾರೆ, ಈಗ ಕೆಲಸದಲ್ಲಿರುವವಳು ಒಬ್ಬಳು ಬಂದು ಹೇಳಬೇಕು. ನನಗೆ ಇದೆಲ್ಲ ಆಗುತ್ತಿದೆ ಎಂದು ಇವಳಿಗೆ ಹೇಳಿದವರು ಯಾರು? ಅಮ್ಮನೇ ಇರಬೇಕು.

"ನನಗೆ ಮರೆವು ಬರ್ತಿದೆ ಅಂತ ಊರಿಗೆಲ್ಲ ಹೇಳಿದ್ರೆ ಮೇಜಿನಿಂದ ತೆಗೀತಾರೆ, ಜೊನೆಟ್ಟಾ. ಪ್ಯಾರಾಚೂಟ್ ಪರೀಕ್ಷೆ ಮಾಡೋಳು ಮರೀತಾಳೆ ಅಂದ್ರೆ ಯಾರು ಬಿಟ್ಟಾರು?"

"ತೆಗೀಬಹುದು," ಅಂದಳು. ತೆಗೆಯುವುದಿಲ್ಲ ಎಂದು ಸುಳ್ಳು ಹೇಳಿದ್ದರೆ ಚೆನ್ನಾಗಿತ್ತು, ಜಗಳವಾಡಿ ಕಳಿಸಬಹುದಿತ್ತು. ಬರುವುದಿಲ್ಲ ಎಂದೆ.

ಏಪ್ರಿಲ್ 11, ಶುಕ್ರವಾರ

ಯೆಸೇನಿಯಾ ಬಾರಗಾನಳ ಹೆಸರು ಮರೆತುಹೋಯಿತು. ದಿನಾ ನನ್ನ ಪಕ್ಕದ ಮೇಜಿನಲ್ಲಿ ನಿಲ್ಲುವ ಸಾರ್ಜೆಂಟ್, ನಾನೇ ಆರಿಸಿ ತಂದವಳು, ಹೆರಿಗೆ ರಜೆ ಮುಗಿಸಿ ಮೊನ್ನೆ ಬಂದವಳು. ಕರೆಯಲು ಬಾಯಿ ತೆರೆದೆ, ಏನೂ ಬರಲಿಲ್ಲ. "ಏಯ್, ನೀನು" ಎಂದೆ. ಅವಳು ತಿರುಗಿ ನೋಡಿದ ರೀತಿಯಲ್ಲೇ ಅವಳಿಗೆ ತಿಳಿಯಿತೆಂದು ಗೊತ್ತಾಯಿತು.

ಊಟದ ಹೊತ್ತಿಗೆ ಪಕ್ಕ ಬಂದು ಮೆಲ್ಲಗೆ, "ಚೀಫ್, ನಮ್ಮಮ್ಮ ಒದ್ದೆ ಟವೆಲ್ ಫ್ರಿಜ್ಜಲ್ಲಿಟ್ಟು ಕುತ್ತಿಗೆಗೆ ಹಾಕ್ಕೋತಿದ್ಲು," ಅಂದಳು.

"ನಿಮ್ಮಮ್ಮನ್ನ ಇಲ್ಲಿಗೆ ಪೋಸ್ಟಿಂಗ್ ಮಾಡಿದಾರಾ? ಹೋಗಿ ಕೆಲಸ ನೋಡು."

ಹಾಗೆ ಅನ್ನಬಾರದಿತ್ತು. ಇಡೀ ಮಧ್ಯಾಹ್ನ ಅವಳ ಕಡೆ ನೋಡಲು ನಾಚಿಕೆಯಾಯಿತು. ಕೈಗೆ ಎಲ್ಲವೂ ನೆನಪಿರುತ್ತದೆ, ಹಗ್ಗ ಮುಟ್ಟಿದರೆ ಎಲ್ಲಿ ತಿರುಚಿದೆ ಎಂದು ಬೆರಳು ಹೇಳುತ್ತದೆ. ಮಾತುಗಳಷ್ಟೇ ಕೈಕೊಡುತ್ತಿವೆ. ಆದರೆ ಇದನ್ನು ನಾನೇ ಹೇಳಿಕೊಂಡರೆ ಯಾರು ನಂಬಬೇಕು? ನನಗೇ ಪೂರ್ತಿ ನಂಬಿಕೆಯಿಲ್ಲ.

ಟವೆಲ್ ಫ್ರಿಜ್ಜಿನಲ್ಲಿಟ್ಟಿದ್ದೇನೆ. ಹಾಲಿನ ಪಕ್ಕ.

ಏಪ್ರಿಲ್ 23, ಬುಧವಾರ

ನಮ್ಮ ಮೇಲಧಿಕಾರಿ ಮೇಜರ್ ಹಾಲ್ವರ್ಸನ್ ಕರೆಸಿದ್ದರು. ಒಳ್ಳೆಯ ಮನುಷ್ಯ, ಬಾಗಿಲು ಮುಚ್ಚಿ ಮಾತಾಡಿದರು. ಶೆಡ್ಡಿನಿಂದ ಹೊರಗೆ ಹೋಗುವ ಪ್ಯಾರಾಚೂಟ್ ಕಡಿಮೆಯಾಗಿವೆ, ಬಿಚ್ಚಿಸಿದ್ದೇ ಹೆಚ್ಚಾಗಿದೆ.

"ಹುಡುಗರ ಕೆಲಸ ಕೆಟ್ಟಿದೆಯಾ?"

"ಇಲ್ಲ ಸರ್, ಹುಡುಗರದ್ದು ಚೆನ್ನಾಗಿದೆ."

"ಮತ್ತೆ? ನಿಮಗೇನಾದ್ರೂ ತೊಂದರೆನಾ, ಚೀಫ್?"

"ಏನಿಲ್ಲ ಸರ್."

"ಸರಿ. ಹಾಗಿದ್ರೆ ಬಿಚ್ಚಿಸೋದು ಸ್ವಲ್ಪ ಕಡಿಮೆ ಮಾಡಿ."

ಮಧ್ಯಾಹ್ನ ಒಂದರ ಮೇಲೆ ಅನುಮಾನ ಬಂತು. ಬಾಯಿ ಮುಚ್ಚಿಕೊಂಡೆ. ಚೀಲ ಕಪಾಟು ಸೇರಿತು. ಊಟದ ಡಬ್ಬಿ ತೆರೆದೆ, ಮತ್ತೆ ಮುಚ್ಚಿದೆ. ಎದ್ದು ಹೋಗಿ ಅದನ್ನು ಹೊತ್ತು ತಂದು ನಾನೇ ಬಿಚ್ಚಿದೆ. ಒಳಗೆ ಎಲ್ಲ ಸರಿಯಾಗಿತ್ತು. ಅದರಿಂದ ನನಗೆ ಸಮಾಧಾನವಾಗಲಿಲ್ಲ, ಭಯವಾಯಿತು. ತೊಂದರೆ ಇಲ್ಲ ಎಂಬ ಮಾತು ಉಳಿಯಬೇಕಾದರೆ ನಾನು ಬಿಚ್ಚಿಸುವುದನ್ನು ನಿಲ್ಲಿಸಬೇಕು. ಇವತ್ತು ಒಂದು ಊಟದ ಹೊತ್ತು ನಿಲ್ಲಿಸಿಯೇ ಬಿಟ್ಟಿದ್ದೆ.

ಜೊನೆಟ್ಟಾಗೆ ಫೋನ್ ಮಾಡಿದೆ. "ಬರ್ತೀನಿ," ಅಂದೆ.

ಏಪ್ರಿಲ್ 24, ಗುರುವಾರ

ಹಾರ್ಲನ್‌ಗೆ ಹೇಳಿದೆ. ಏ.ಸಿ. ನಾನು ಎಷ್ಟು ತಗ್ಗಿಸಿದ್ದೇನೆಂದರೆ ಪಾಪ ಬೇಟೆಯ ಕೋಟು ಹಾಕಿಕೊಂಡು ಟಿ.ವಿ. ನೋಡುತ್ತಿದ್ದ.

"ವಾಷಿಂಗ್ಟನ್‌ನಲ್ಲಿ ಏನಂತ ಹೇಳ್ತೀಯ?"

"ಇರೋದನ್ನ."

"ನನ್ನ ಕೋಟಿನ ವಿಷಯಾನೂ ಹೇಳು. ಗಂಡಂದಿರ ಮೇಲೂ ಒಂದು ಸಂಶೋಧನೆ ಆಗ್ಲಿ."

ತುಂಬ ದಿನಗಳ ಮೇಲೆ ಇಬ್ಬರೂ ನಕ್ಕೆವು. ಆಮೇಲೆ ಅವನು, ಮೇಜು ಹೋದರೆ ಏನು ಮಾಡುತ್ತೀಯ ಎಂದು ಕೇಳಿದ. ಗೊತ್ತಿಲ್ಲ ಎಂದೆ. ಪ್ಯಾರಾಚೂಟ್ ಮಡಿಸುವವರಿಗಷ್ಟೇ ಸಿಗುವ ಆ ಕೆಂಪು ಟೋಪಿ ಇಟ್ಟುಕೊಂಡು ನಾನು ಬೇರೆ ಎಲ್ಲಿ ನಿಲ್ಲಲಿ?

ಮೇ 7, ಬುಧವಾರ

ವಾಷಿಂಗ್ಟನ್‌ನ ಹೋಟೆಲು. ಸಮವಸ್ತ್ರ ತೊಡಬಾರದು, ಸೇನೆಯ ಪರವಾಗಿ ಮಾತಾಡಬಾರದು, ರಜೆ ಹಾಕಿ ಸ್ವಂತ ಹೆಸರಿನಲ್ಲಿ ಮಾತ್ರ ಹೇಳಬಹುದು ಎಂದು ಕಾನೂನು ವಿಭಾಗದವರು ತಾಕೀತು ಮಾಡಿದ್ದಾರೆ. ನೀಲಿ ಫ್ರಾಕು ತಂದಿದ್ದೇನೆ. ಜೊನೆಟ್ಟಾ ನೋಡಿ, ಚರ್ಚಿಗೆ ಹೊರಟ ಹಾಗಿದ್ದೀಯ ಅಂದಳು. ಹೇಳಬೇಕಾದ್ದನ್ನೆಲ್ಲ ಎರಡು ಸಲ ಅವಳೆದುರು ಒಪ್ಪಿಸಿದೆ. ಒಂದು ಮಾತೂ ತಪ್ಪಲಿಲ್ಲ.

ಮೇ 8, ಗುರುವಾರ

ಎಲ್ಲವನ್ನೂ ಬರೆದಿಡಬೇಕು, ಇಲ್ಲದಿದ್ದರೆ ನಾಳೆ ನಾನೇ ನಂಬುವುದಿಲ್ಲ.

ಸಮಿತಿಯ ಅಧ್ಯಕ್ಷೆ ನಗುಮುಖದ ಹೆಂಗಸು. ದೂರದಿಂದ ಬಂದಿರಿ, ಸಂತೋಷ ಎಂದರು. ಆಮೇಲೆ ಮುಂದಕ್ಕೆ ಬಾಗಿ ಕೇಳಿದರು.

"ಚೀಫ್ ಆಕ್ಸೆಂಡೈನ್, ಈಗ ಕೆಲಸ ಮಾಡೋವಾಗ ನಿಮಗೆ ಏನಾದ್ರೂ ತೊಂದರೆ ಆಗ್ತಿದೆಯಾ?"

ನನ್ನ ಬೆನ್ನು ತಾನಾಗಿ ನೆಟ್ಟಗಾಯಿತು.

"ತೊಂದರೆ ಏನಿಲ್ಲ, ಮೇಡಂ."

ನಾನು ಹೇಳಿದ್ದು ನನಗೆ ಕೇಳಿಸಿತು. ಹಿಂದಿನ ಸಾಲಿನಲ್ಲಿ ಜೊನೆಟ್ಟಾ "ಅಯ್ಯೋ ದೇವರೇ" ಅಂದದ್ದೂ ಕೇಳಿಸಿತು. ಅಧ್ಯಕ್ಷೆ ಗಾಬರಿಯಾಗಿ, "ಏನೂ ಇಲ್ವಾ?" ಅಂದರು.

"ಇಲ್ಲ, ಮೇಡಂ."

ಎರಡನೇ ಸಲವೂ ಹೇಳಿದೆ. ಬಾಯಿಗೆ ಬೇರೆ ಉತ್ತರ ಗೊತ್ತೇ ಇರಲಿಲ್ಲ. ತುದಿಯಲ್ಲಿ ಕುಳಿತಿದ್ದ ನರೆತ ಹುಬ್ಬಿನ ಸದಸ್ಯರೊಬ್ಬರು ಕನ್ನಡಕ ತೆಗೆದು, "ಹಾಗಿದ್ರೆ ನಾವೆಲ್ಲ ಬೇಗ ಊಟಕ್ಕೆ ಹೋಗಬಹುದು," ಅಂದರು. ಒಂದಿಬ್ಬರು ನಕ್ಕರು.

ಆಗ ಬಿಸಿ ಏರಿತು. ಇದಕ್ಕಿಂತ ಒಳ್ಳೆಯ ಸಮಯ ಅದಕ್ಕೆ ಸಿಗುತ್ತಿರಲಿಲ್ಲ. ಮೂಗಿನ ತುದಿಯಿಂದ ಬೆವರು ಮುಂದಿದ್ದ ಕಾಗದದ ಮೇಲೆ ತೊಟ್ಟಿಕ್ಕಿತು. ಒರೆಸಿಕೊಳ್ಳಲು ಕರವಸ್ತ್ರ ಹುಡುಕಿದೆ, ಸಿಗಲಿಲ್ಲ, ತೋಳಿನಿಂದಲೇ ಒರೆಸಿಕೊಂಡೆ. ಒಪ್ಪಿಸಿದ ಪಾಠ ಪೂರ್ತಿ ಹೋಗಿತ್ತು.

"ಮೇಡಂ, ನಾನೀಗ ಹೇಳಿದ್ದು ಸುಳ್ಳು. ಬೇಕಂತ ಹೇಳಿದ್ದಲ್ಲ. ಮೇಲಿನವರು ಕೇಳಿದ್ರೆ ಹೀಗೇ ಹೇಳೋದು. ಹತ್ತೊಂಬತ್ತನೇ ವಯಸ್ಸಿಂದ ಇದನ್ನೇ ಹೇಳ್ಕೊಂಡು ಬಂದಿದೀನಿ. ಡಾಕ್ಟರಿಗೂ ಇದೇ, ಮೇಜರಿಗೂ ಇದೇ. ನಿಮ್ಮ ಹತ್ರ ಇರೋ ಫೈಲಲ್ಲಿ ಎಲ್ಲ ಹೆಂಗಸರೂ ಇದನ್ನೇ ಹೇಳಿದಾರೆ. ನೀವು ಅದನ್ನ ಓದಿ ತೊಂದರೆನೇ ಇಲ್ಲ ಅಂತಿದೀರಿ."

ನರೆತ ಹುಬ್ಬಿನವರು, "ನಾವು ನಿಮ್ಮ ಯಾವ ಮಾತು ನಂಬಬೇಕಮ್ಮ?" ಅಂದರು.

"ಎರಡನ್ನೂ ಬರ್ಕೊಳ್ಳಿ ಸರ್. ಮೊದಲನೇದನ್ನ ಹೊಡೆದುಹಾಕಬೇಡಿ."

ಆಮೇಲೆ ಹೇಳಿದೆ. ಒದ್ದೆ ಹಾಸಿಗೆ, ನಿದ್ದೆ, ಬಾರಗಾನಳ ಹೆಸರು, ಬಿಚ್ಚಿಸಿದ ಪ್ಯಾರಾಚೂಟುಗಳು. ಇದು ಮುಟ್ಟು ನಿಲ್ಲುವುದರಿಂದಲೋ, ಯುದ್ಧದಿಂದಲೋ, ಇಷ್ಟು ವರ್ಷ ವಿಮಾನದಿಂದ ಹಾರಿದ್ದರಿಂದಲೋ ಎಂದು ನನಗೆ ಗೊತ್ತಿಲ್ಲ, ನನ್ನ ಡಾಕ್ಟರಿಗೂ ಗೊತ್ತಿಲ್ಲ, ಯಾಕೆಂದರೆ ಯಾರೂ ನೋಡಿಲ್ಲ ಎಂದೆ. ನರೆತ ಹುಬ್ಬಿನವರು ಕನ್ನಡಕ ಮತ್ತೆ ಹಾಕಿಕೊಂಡರು.

"ನನ್ನ ಮೊಮ್ಮಗ ನಿಮ್ಮ ನೆಲೆಯಲ್ಲೇ ಇದಾನೆ. ನೀವು ನೋಡಿ ಬಿಟ್ಟ ಪ್ಯಾರಾಚೂಟ್ ಅವನು ಹಾಕ್ಕೊಳ್ಳಬಹುದಾ?"

ಕೆಟ್ಟ ಪ್ರಶ್ನೆಯಲ್ಲ. ಅವರ ಜಾಗದಲ್ಲಿ ನಾನಿದ್ದರೂ ಅದನ್ನೇ ಕೇಳುತ್ತಿದ್ದೆ.

"ನನಗೆ ಅನುಮಾನ ಬಂದ್ರೆ ನಾನು ಬಿಚ್ಚಿಸ್ತೀನಿ ಸರ್. ಎಂದೂ ಅನುಮಾನನೇ ಬರದ ಪರೀಕ್ಷಕರು ಯಾರಾದ್ರೂ ಇದ್ರೆ, ಅವರದ್ದು ಹಾಕ್ಕೋಬೇಡ ಅಂತ ಹೇಳಿ."

ಅವರು ನಗಲಿಲ್ಲ, ಬರೆದುಕೊಂಡರು. ಹೊರಗೆ ಬಂದ ಮೇಲೆ ಜೊನೆಟ್ಟಾ ಗೋಡೆಗೆ ಒರಗಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. "ಎರಡು ಸಲ ಕಣೇ! ಎರಡು ಸಲ ಏನಿಲ್ಲ ಅಂದೆಯಲ್ಲೇ!"

ಮೇ 20, ಮಂಗಳವಾರ

ಮೇಜಿನಿಂದ ತೆಗೆದರು.

ಮೇಜರಿಗೂ ಕಷ್ಟವಾಯಿತು. "ಮೇಲಿನಿಂದ ಕೇಳ್ತಿದಾರೆ, ಚೀಫ್. ಡಾಕ್ಟರ ವರದಿ ಬರೋ ತನಕ." ಬಾರಗಾನ್ ನನ್ನ ಜಾಗಕ್ಕೆ. ನಾನು ಹಿಂದಿನ ಹೊಲಿಗೆ ಕೋಣೆಗೆ, ಹರಿದ ಪಟ್ಟಿ ಹೊಲಿಯುವುದಕ್ಕೆ. ಅಳಬಾರದೆಂದಿದ್ದೆ, ಕಾರಿನಲ್ಲಿ ಕೂತು ಅತ್ತೆ. ಜೊನೆಟ್ಟಾ ಮೇಲೆ ಸಿಟ್ಟು ಬಂತು, ಅಮ್ಮನ ಮೇಲೂ ಬಂತು, ನನ್ನ ಮೇಲೆ ಎಲ್ಲರಿಗಿಂತ ಹೆಚ್ಚು ಬಂತು. ನನ್ನ ಕೈ ಸರಿಯಾಗಿದೆ. ಅದನ್ನು ಯಾರೂ ಕೇಳಲಿಲ್ಲ.

ಮೇ 29, ಗುರುವಾರ

ಹೊಸ ಡಾಕ್ಟರು, ಹೆಂಗಸು. ಹೊಟ್ಟೆಯ ಮೇಲೆ ಅಂಟಿಸಿಕೊಳ್ಳುವ ಹಾರ್ಮೋನಿನ ಪಟ್ಟಿ ಕೊಟ್ಟಿದ್ದಾರೆ. ನಾನು ಹೇಳಿದ್ದನ್ನೆಲ್ಲ ಕೇಳಿಸಿಕೊಂಡರು. ನಾನು ಇಷ್ಟೊಂದು ಮಾತಾಡುತ್ತೇನೆಂದು ನನಗೇ ಗೊತ್ತಿರಲಿಲ್ಲ. ಹೊರಗಿನ ಬೆಂಚಿನಲ್ಲಿ ಸರಬರಾಜು ವಿಭಾಗದ ಕರ್ನಲ್ ಮೇಡಂ ಕುಳಿತಿದ್ದರು. ನನ್ನನ್ನು ನೋಡಿ, "ನಾನೂ ನಿಮ್ಮ ಹಿಂದೇನೇ, ಚೀಫ್," ಅಂದರು.

ಮಸೂದೆ ಇನ್ನೂ ಸಮಿತಿಯಲ್ಲೇ ಇದೆಯಂತೆ. ಜೊನೆಟ್ಟಾ ಫೋನಿನಲ್ಲಿ, "ಕೂತಿದೆ, ಆದ್ರೆ ಸತ್ತಿಲ್ಲ," ಅಂದಳು.

ಜೂನ್ 12, ಗುರುವಾರ

ಎರಡು ವಾರದಿಂದ ನಿದ್ದೆ ಪರವಾಗಿಲ್ಲ. ಇವತ್ತು ಹೊಲಿಗೆ ಯಂತ್ರ ನಿಲ್ಲಿಸಿದ್ದಾಗ ಗೋಡೆಯಾಚೆ ಬಾರಗಾನಳ ದನಿ ಕೇಳಿಸಿತು.

"ಡೆಂಟನ್, ಇದನ್ನ ಬಿಚ್ಚು. ಮಗು ರಾತ್ರಿ ಮಲಗಲಿಲ್ಲ, ನಾನೂ ಮಲಗಿಲ್ಲ. ನೋಡಿದೀನಾ ಇಲ್ವಾ ಗೊತ್ತಾಗ್ತಿಲ್ಲ."

ಡೆಂಟನ್ ಗೊಣಗುತ್ತಾನೆಂದು ಕಾದೆ. ಅವನು, "ಸರಿ, ನನಗೂ ತಲೆನೋವಿದೆ, ಇಬ್ಬರೂ ಸೇರಿ ನೋಡೋಣ," ಅಂದ. ಅವನಿಗೆ ತಲೆನೋವು ಬರುತ್ತದೆಂದು ಇಷ್ಟು ವರ್ಷ ನನಗೆ ಗೊತ್ತಿರಲಿಲ್ಲ. ಯಂತ್ರದ ದಾರ ಬದಲಿಸಿದೆ, ಸೂಜಿಗೆ ಪೋಣಿಸುವಾಗ ಕಣ್ಣು ಮಂಜಾಯಿತು. ಇವತ್ತಿನ ದಾರ ತೀರಾ ಕಳಪೆ.

ಜೂನ್ 18, ಬುಧವಾರ

ಡಾಕ್ಟರ ವರದಿ ಸೋಮವಾರವೇ ಬಂದಿದೆ. ಹಾರುವುದಕ್ಕೆ ಅಡ್ಡಿಯಿಲ್ಲ. ಮೇಜಿಗೆ ಮರಳಿಸುವುದು ಮಾತ್ರ ಮೇಜರ್ ಕೈಯಲ್ಲಿ, ಅವರು ಏನೂ ಹೇಳಿರಲಿಲ್ಲ.

ಇವತ್ತು ಶೆಡ್ಡಿನವರೆಲ್ಲ ಹಾರುವ ದಿನ. ಮಡಿಸುವವರು ತಾವು ಮಡಿಸಿದ್ದರಲ್ಲೇ ಹಾರಬೇಕು, ಅದು ನಮ್ಮ ಪದ್ಧತಿ. ಆದರೆ ನಾನು ಮಡಿಸಿದ್ದೂ ಇಲ್ಲ, ನೋಡಿದ್ದೂ ಇಲ್ಲ. ಬಾರಗಾನ್ ಕಪಾಟಿನಿಂದ ಒಂದೊಂದೇ ಕೊಡುತ್ತಿದ್ದಳು. ನನ್ನ ಸರದಿಗೆ ಒಂದನ್ನು ಎತ್ತಿ ಮತ್ತೆ ಕೆಳಗಿಟ್ಟಳು.

"ಇದು ಬೇಡ ಚೀಫ್, ಬೇರೆ ಕೊಡ್ತೀನಿ. ಹೋದ ಗುರುವಾರ ನನ್ ತಲೆ ನೆಟ್ಟಗಿರ್ಲಿಲ್ಲ, ಬಿಚ್ಚಿಸಿ ಮಡಿಸಿದ್ದು."

"ಅದನ್ನೇ ಕೊಡು."

"ಚೀಫ್, ಇಲ್ಲಿ ಇಷ್ಟೊಂದಿದೆ..."

"ಬೇರೆಯವನ್ನ ಹೇಗೆ ನೋಡಿದೆಯೋ ನನಗೇನು ಗೊತ್ತು? ಇದೊಂದರದ್ದು ಗೊತ್ತು. ಕೊಡಮ್ಮ, ಯೆಸೇನಿಯಾ."

ಸಾಲಿನಲ್ಲಿ ನನ್ನ ಹಿಂದೆಯೇ ಮೇಜರ್ ನಿಂತಿದ್ದರು. ಅವರು ಕೇಳಿಸಿಕೊಂಡರೋ ಇಲ್ಲವೋ ನೋಡಲಿಲ್ಲ, ಪಟ್ಟಿ ಬಿಗಿಯುವುದರಲ್ಲಿದ್ದೆ.

ಹಾರಿದೆ. ತೆರೆದುಕೊಂಡಿತು. ಮೇಲೆ ಗಾಳಿ ತಣ್ಣಗಿತ್ತು, ಫೆಬ್ರವರಿಯಿಂದ ಈಚೆಗೆ ಅಷ್ಟು ಹಾಯಾಗಿ ನಾನು ಎಲ್ಲೂ ಇದ್ದಿಲ್ಲ. ಇಳಿಯುವಾಗ ಮಾತ್ರ ಸೊಂಟದ ಮೇಲೆ ಬಿದ್ದೆ. ಬಟ್ಟೆ ಚೀಲಕ್ಕೆ ತುರುಕುತ್ತಿದ್ದಾಗ ಮೇಜರ್ ಮರಳಿನಲ್ಲಿ ಕಾಲೆಳೆಯುತ್ತ ಬಂದರು.

"ಎಲ್ಲ ಸರಿನಾ, ಚೀಫ್?"

"ಇಲ್ಲ ಸರ್. ಸೊಂಟ ಹಿಡ್ಕೊಂಡಿದೆ. ಬೆಳಿಗ್ಗೆಯಿಂದ ಎರಡು ಸಲ ಬೆವತು ಒದ್ದೆಯಾಗಿದೀನಿ. ಈ ಚೀಲ ನನ್ನ ಕೈಲಿ ಎತ್ತಕ್ಕಾಗಲ್ಲ, ಒಂದು ಕಡೆ ಹಿಡ್ಕೊಳ್ಳಿ."

ಅವರು ಚೀಲ ಪೂರ್ತಿ ತಾವೇ ಹೆಗಲಿಗೇರಿಸಿಕೊಂಡು, "ಸೋಮವಾರದಿಂದ ಮೇಜಿಗೆ ಬನ್ನಿ," ಅಂದರು. ಲಾರಿ ದೂರ ನಿಂತಿತ್ತು, ಅಲ್ಲಿಯವರೆಗೆ ಕುಂಟುತ್ತ ಹೋದೆ.

ಹಾರ್ಲನ್ ಸೊಂಟಕ್ಕೆ ಬಿಸಿನೀರಿನ ಚೀಲ ತಂದ, ಬಿಸಿಯೆಂದರೆ ನನಗೆ ಆಗದೆಂದು ನೆನಪಾಗಿ ವಾಪಸ್ ಒಯ್ದು ಫ್ರಿಜ್ಜಿನ ಟವೆಲ್ ತಂದ. ಅವನಿಗೆ ಎಲ್ಲ ಹೇಳಿದೆ, ಗಾಳಿ, ಮರಳು, ಮೇಜರ್ ಚೀಲ ಹೊತ್ತದ್ದು. ಸೋಮವಾರದ ಮಾತು ಹೇಳುವುದನ್ನೇ ಮರೆತಿದ್ದೇನೆ. ಬೆಳಿಗ್ಗೆ ಹೇಳಿದರಾಯಿತು.